ಒಂದೇ ಅಂಗಳದಲ್ಲಿ ದೊಡ್ಡ ಕೋಳಿ, ಗಿಡ್ಡ ಕೋಳಿ

ಕಾಸರಗೋಡಿನ ಒಳನಾಡಿನಲ್ಲಿ ‘ಗಿಡ್ಡ’ ಎಂದೊಡನೆ ಜನರಿಗೆ ನೆನಪಾಗುವುದು ಹಟ್ಟಿಯ ದನ. ಮೈ ಸಣ್ಣದು, ಮೇವು ಸ್ವಲ್ಪ ಸಾಕು, ಗುಡ್ಡವೇರಿ ಮೇದು ಸಂಜೆಗೆ ತಾನಾಗಿ ಮನೆಗೆ ಮರಳುವ ಹಸು ಅದು. ಕಾಸರಗೋಡು ಗಿಡ್ಡ ತಳಿಯ ರಕ್ಷಣೆಗೆಂದೇ ಕೇರಳದ ಪಶುಸಂಗೋಪನಾ ಇಲಾಖೆ ಬದಿಯಡ್ಕದ ಬಳಿ ಒಂದು ಕೇಂದ್ರವನ್ನು ನಡೆಸುತ್ತಿದೆ. ಈಚೆಗೆ ಅದೇ ಅಂಗಳಗಳಿಗೆ ಇನ್ನೊಂದು ಗಿಡ್ಡ ಜೀವ ಬಂದು ಸೇರಿದೆ: ಬ್ಯಾಂಟಂ ಕೋಳಿ. ಪೇಟೆಯ ಸಾಕುಹಕ್ಕಿ ಅಂಗಡಿಯಲ್ಲಿ ಅದನ್ನು ಕಂಡ ಮಕ್ಕಳು ಹಠ ಹಿಡಿಯುತ್ತಾರೆ. ತಂದೆ ಜೋಡಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತರುತ್ತಾರೆ. ಸಂಜೆಯೊಳಗೆ ಅವು ಮನೆಯ ಹಳೆಯ ಕೋಳಿಗಳ ನಡುವೆ ಬಿಡುಗಡೆಯಾಗುತ್ತವೆ. ತಿಂಗಳು ತುಂಬುವಷ್ಟರಲ್ಲಿ ಗಿಡ್ಡ ಹೇಂಟೆಯ ಬೆನ್ನು ಬೋಳಾಗಿರುತ್ತದೆ, ಇಲ್ಲವೇ ಜೋಡಿಯಲ್ಲಿ ಒಂದು ಉಳಿದಿರುವುದಿಲ್ಲ. “ಈ ಜಾತಿ ನಮ್ಮ ಊರಿಗೆ ಆಗುವುದಿಲ್ಲ” ಎಂದು ಹಿರಿಯರು ತೀರ್ಪು ಕೊಡುತ್ತಾರೆ. ವಿಚಾರಣೆ ನಡೆಯದೆ ಹೊರಬಿದ್ದ ತೀರ್ಪು ಅದು. ಸತ್ತ ಕೋಳಿಯ ಪರವಾಗಿ ಹೇಳಬೇಕಾದ ಮಾತು ಸಾಕಷ್ಟಿದೆ.

ಮೊದಲನೆಯದಾಗಿ ಅದರ ಮೂಲ. ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿ ಬಾಂತೆನ್ ಎಂಬ ಬಂದರಿತ್ತು. ಮಲಬಾರಿನ ಬಂದರುಗಳಂತೆ ಅದೂ ಕರಿಮೆಣಸಿನ ವ್ಯಾಪಾರಕ್ಕೆ ಹೆಸರಾದ ಸ್ಥಳ; ಡಚ್ಚರ ಹಡಗುಗಳು ಅಲ್ಲಿಗೆ ಮೊದಲು ತಲುಪಿದ್ದು 1596ರಲ್ಲಿ. ಪಯಣದ ಆಹಾರಕ್ಕೆಂದು ನಾವಿಕರು ಆ ಬಂದರಿನಲ್ಲಿ ಕೊಂಡ ಸಣ್ಣ ಗಾತ್ರದ ಕೋಳಿಗಳಿಗೆ ಊರಿನ ಹೆಸರೇ ಅಂಟಿಕೊಂಡಿತು. ಮುಂದೆ ಜಗತ್ತಿನ ಯಾವ ಮೂಲೆಯ ಗಿಡ್ಡ ಕೋಳಿಯಾದರೂ ಬ್ಯಾಂಟಂ ಎಂದೇ ಕರೆಯಿಸಿಕೊಂಡಿತು. ಇವುಗಳಲ್ಲಿ ಎರಡು ಬಗೆ. ದೊಡ್ಡ ತಳಿಯೊಂದನ್ನು ಆಯ್ಕೆಯ ಮೂಲಕ ಕಿರಿದುಗೊಳಿಸಿದವು ಒಂದು ಬಗೆ. ಹುಟ್ಟಿನಿಂದಲೇ ಗಿಡ್ಡವಾಗಿದ್ದು, ದೊಡ್ಡ ರೂಪವೇ ಇಲ್ಲದವು ಇನ್ನೊಂದು ಬಗೆ. ಜಪಾನಿನ ಚಾಬೊ, ಇಂಗ್ಲೆಂಡಿನ ಸೀಬ್ರೈಟ್, ಮಲೇಷ್ಯಾದ ಸೆರಾಮ ಈ ಎರಡನೆಯ ಬಗೆಯವು. ಸೆರಾಮಗಳಲ್ಲಿ ಬೆಳೆದ ಮೇಲೂ ಅರ್ಧ ಕಿಲೋ ಮುಟ್ಟದವು ಇವೆ.

ಗಿಡ್ಡ ಕೋಳಿಯನ್ನು ಕುಗ್ಗಿಹೋದ ಕೋಳಿ ಎಂದು ಎಣಿಸುವುದು ಸರಿಯಲ್ಲ. ಎಲ್ಲ ಸಾಕುಕೋಳಿಗಳ ಮುಖ್ಯ ಪೂರ್ವಜವಾದ ಕೆಂಪು ಕಾಡುಕೋಳಿಯ ಹೇಂಟೆ ಒಂದು ಕಿಲೋ ತೂಗುವುದೇ ಕಷ್ಟ. ನಮ್ಮ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಯೂ ಅಷ್ಟೇ ಹಗುರ. ಹಾಗೆ ನೋಡಿದರೆ ಗಿಡ್ಡ ಕೋಳಿಯ ಮೈಯೇ ಮೂಲದ ಅಳತೆಗೆ ಹತ್ತಿರವಾದುದು. ಮೂರು ಕಿಲೋ ಮೀರಿ ಬೆಳೆಯುವ ಹುಂಜವನ್ನು ಮನುಷ್ಯನು ಮಾಂಸಕ್ಕಾಗಿ ಹಿಗ್ಗಿಸಿಕೊಂಡನು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಮುಂತಾದವು ಹಿತ್ತಿಲ ಸಾಕಣೆಗೆಂದು ಸಿದ್ಧಪಡಿಸಿದ ಉಪಯುಕ್ತ ತಳಿಗಳು. ಆದರೆ ಅವುಗಳ ತೂಕದ ಮುಂದೆ ಗಿಡ್ಡ ಕೋಳಿ ತೀರ ಹಗುರ ಎಂಬುದನ್ನು ಸಾಕುವವರು ಮರೆಯುವಂತಿಲ್ಲ.

ಕೋಳಿಗಳ ಗುಂಪಿಗೆ ತನ್ನದೇ ಆದ ಅಧಿಕಾರ ಶ್ರೇಣಿಯಿದೆ ಎಂಬುದನ್ನು ಶಾಸ್ತ್ರೀಯವಾಗಿ ತೋರಿಸಿದವನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್ ಎಬ್ಬೆ. ಬಾಲ್ಯದಲ್ಲಿಯೇ ಕೋಳಿಗಳ ಹಿಂದೆ ಸುತ್ತಿ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದ ಹುಡುಗ ಅವನು. 1920ರ ದಶಕದ ಆರಂಭದಲ್ಲಿ ಅದೇ ವಿಷಯದ ಮೇಲೆ ಪ್ರಬಂಧ ಪ್ರಕಟಿಸಿದನು. ಮೊದಲ ಹೇಂಟೆ ಎಲ್ಲವನ್ನೂ ಕುಕ್ಕುತ್ತದೆ, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು, ಕೊನೆಯದು ಯಾರನ್ನೂ ಕುಕ್ಕದೆ ಎಲ್ಲರಿಂದ ಕುಕ್ಕಿಸಿಕೊಳ್ಳುತ್ತದೆ. ಶ್ರೇಣಿ ಒಮ್ಮೆ ನಿಂತಿತೆಂದರೆ ಜಗಳ ಕಡಿಮೆಯಾಗುತ್ತದೆ. ಹೊಸಬರು ಬಂದಾಗ ಎಲ್ಲವೂ ಮರಳಿ ಮೊದಲಿನಿಂದ ಆರಂಭ. ಈ ಶ್ರೇಣಿಯನ್ನು ಗಾತ್ರವೊಂದೇ ನಿರ್ಧರಿಸುವುದಿಲ್ಲ. ಧೈರ್ಯ, ವಯಸ್ಸು, ಜಾಗದ ಪರಿಚಯ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂಗಳದ ಹಳೆಯ ಗಿಡ್ಡ ಹೇಂಟೆಯೊಂದು ತನ್ನ ಮೂರರಷ್ಟು ತೂಕದ ಕೋಳಿಗಳನ್ನು ಅಕ್ಕಿಯ ನುಚ್ಚಿನ ಬಳಿಯಿಂದ ಓಡಿಸುವುದುಂಟು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆಗೆ ಅದು ಸಾಕ್ಷಿ. ಆದರೆ ಹೊಸದಾಗಿ ಬಂದ ಜೋಡಿಗೆ ಆ ಹಿರಿತನವಿಲ್ಲ. ದೊಡ್ಡ ಕೊಕ್ಕಿನ ಒಂದು ಪೆಟ್ಟು ದೊಡ್ಡ ಕೋಳಿಗೆ ಎಚ್ಚರಿಕೆ ಮಾತ್ರ. ಅದೇ ಪೆಟ್ಟಿನಿಂದ ಗಿಡ್ಡ ಕೋಳಿಯ ನೆತ್ತಿಯೊಡೆದು ರಕ್ತ ಬರುತ್ತದೆ. ರಕ್ತ ಕಂಡ ಕೋಳಿಗಳು ಮತ್ತೆ ಅಲ್ಲಿಯೇ ಕುಕ್ಕುತ್ತವೆ.

ಹೆಚ್ಚಿನ ಮನೆಗಳಲ್ಲಿ ಕೆಡುಕು ಉದ್ದೇಶದಿಂದ ನಡೆಯುವುದಿಲ್ಲ. ಎಲ್ಲ ಕೋಳಿಗಳಿಗೂ ಒಂದೇ ಗೂಡು, ಒಂದೇ ಪಾತ್ರೆ, ಒಂದೇ ಹುಂಜ ಎಂಬ ನಿಯಮ ನೋಡಲು ನ್ಯಾಯವಾಗಿಯೇ ಇದೆ. ಪರಿಣಾಮ ಮಾತ್ರ ಅನ್ಯಾಯ. ಪಾತ್ರೆ ಒಂದೇ ಆದರೆ ದೊಡ್ಡವು ತಿಂದು ಮುಗಿಸುವವರೆಗೆ ಗಿಡ್ಡವು ದೂರ ನಿಲ್ಲುತ್ತವೆ. ಉಳಿಯುವುದು ತೌಡಿನ ಹುಡಿ. ನೀರಿನ ಪಾತ್ರೆ ದೊಡ್ಡ ಕೋಳಿಯ ಎದೆಯ ಎತ್ತರಕ್ಕಿದ್ದರೆ ಗಿಡ್ಡ ಕೋಳಿಗೆ ಬಾಯಾರಿಕೆಯೇ ಗತಿ. ನೆಲದಲ್ಲಿಟ್ಟ ಅಗಲ ಬಾನಿಯಾದರೆ ಅದರ ಮರಿಗಳು ಮುಳುಗುವ ಭಯ. ಎಲ್ಲಕ್ಕಿಂತ ದೊಡ್ಡ ಅಪಾಯ ಹುಂಜನದು. ಮೂರು ಕಿಲೋ ಹುಂಜ ಮುಕ್ಕಾಲು ಕಿಲೋ ಹೇಂಟೆಯ ಬೆನ್ನೇರಿದರೆ ಗರಿ ಉದುರುವುದಷ್ಟೇ ಅಲ್ಲ, ಕಾಲಿನ ಮುಳ್ಳಿನಿಂದ ಪಕ್ಕೆ ಸೀಳುತ್ತದೆ, ಸೊಂಟ ಮುರಿಯುವುದೂ ಉಂಟು. ಗಿಡ್ಡ ಹುಂಜ ದೊಡ್ಡ ಹೇಂಟೆಗಳ ಜೊತೆಗಿದ್ದರೆ ಅಂಥ ಹಾನಿಯಿಲ್ಲ. ಆದರೆ ಎರಡು ಗಾತ್ರದ ಹುಂಜಗಳು ಒಂದೇ ಅಂಗಳದಲ್ಲಿದ್ದರೆ ಗಿಡ್ಡ ಹುಂಜ ತನ್ನ ಅಳತೆಯನ್ನು ಅರಿಯದೆ ಕಾಳಗಕ್ಕೆ ನುಗ್ಗುತ್ತದೆ. ಸೋಲು ಒಪ್ಪಿ ಓಡುವ ಬುದ್ಧಿ ಅದಕ್ಕೆ ಬರುವುದು ತಡವಾಗಿ.

ಪರಿಹಾರಗಳು ಕಷ್ಟದವೂ ಅಲ್ಲ, ದುಬಾರಿಯೂ ಅಲ್ಲ. ಹುಂಜ ಒಂದೇ ಇರಲಿ, ಅದೂ ಗಿಡ್ಡದ್ದೇ ಆಗಲಿ. ಎರಡೂ ಬೇಕೆಂದರೆ ನಡುವೆ ತಂತಿ ಬಲೆ ಇರಲಿ. ಆಹಾರವನ್ನು ಕನಿಷ್ಠ ಎರಡು ಕಡೆ, ಒಂದರಿಂದ ಇನ್ನೊಂದು ಕಾಣದಂತೆ ಇಡಬೇಕು. ಮರದ ಚೌಕಟ್ಟಿಗೆ ಬಲೆ ಹೊದಿಸಿ, ಗಿಡ್ಡ ಕೋಳಿ ನುಸುಳುವಷ್ಟೇ ಕಿಂಡಿ ಬಿಟ್ಟರೆ ಅದರೊಳಗಿನ ಪಾತ್ರೆ ಅವುಗಳಿಗೇ ಮೀಸಲು. ಗಿಡ್ಡ ಕೋಳಿ ತಿನ್ನುವುದು ದೊಡ್ಡದರ ಅರ್ಧದಷ್ಟು. ಆದ್ದರಿಂದ ಖರ್ಚಿನ ಚಿಂತೆ ಬೇಡ. ಮೊಟ್ಟೆಯ ಕೋಳಿಗೆ ಕೊಡುವ ಸುಣ್ಣದಂಶ ಹೆಚ್ಚಿದ ಆಹಾರ ಮರಿಗಳ ಮತ್ತು ಹುಂಜಗಳ ಮೂತ್ರಪಿಂಡಕ್ಕೆ ಹಿತವಲ್ಲ. ಮಿಶ್ರ ಗುಂಪಿಗೆ ಸಾಧಾರಣ ಆಹಾರ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಟ್ಟರೆ ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ.

ರಾತ್ರಿಯ ವ್ಯವಸ್ಥೆಯಲ್ಲಿ ಕೋಳಿಗಳ ಸ್ವಭಾವವೇ ಸಹಾಯಕ್ಕೆ ಬರುತ್ತದೆ. ಗಿಡ್ಡ ಕೋಳಿ ಚೆನ್ನಾಗಿ ಹಾರುತ್ತದೆ, ಎತ್ತರವನ್ನು ಬಯಸುತ್ತದೆ. ಭಾರದ ಕೋಳಿ ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಆದ್ದರಿಂದ ದೊಡ್ಡವಕ್ಕೆ ಮೊಣಕಾಲೆತ್ತರದ ಅಡ್ಡಗೋಲು, ಗಿಡ್ಡವಕ್ಕೆ ಅದಕ್ಕಿಂತ ಮೇಲೆ ಇನ್ನೊಂದು. ಮೇಲಿನದು ಕೆಳಗಿನದರ ನೇರಕ್ಕಿರದೆ ಪಕ್ಕಕ್ಕಿದ್ದರೆ ಹಿಕ್ಕೆ ಬೀಳುವ ತೊಂದರೆಯಿಲ್ಲ. ಗೂಡಿಗೆ ಸೇರಿಸದೆ ಹಲಸಿನ ಮರಕ್ಕೆ ಹಾರಲು ಬಿಟ್ಟರೆ ಪುನುಗು ಬೆಕ್ಕು ಒಂದೊಂದನ್ನೇ ಒಯ್ಯುತ್ತದೆ. ಹಗಲಿನಲ್ಲಿ ಮುಂಗುಸಿ, ಗಿಡುಗ ಇವೆ. ದೊಡ್ಡ ಕೋಳಿಯನ್ನು ಮುಟ್ಟಲು ಅಳುಕುವ ಸಣ್ಣ ಗಿಡುಗವೂ ಗಿಡ್ಡ ಕೋಳಿಯನ್ನು ಎತ್ತಿಕೊಂಡು ಹೋಗಬಲ್ಲದು. ಗೂಡಿನ ಬಲೆಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಾದರೆ ಹಾವಿಗೆ ದಾರಿ ತೆರೆದಂತೆಯೇ.

ಹೊಸ ಜೋಡಿಯನ್ನು ಬಂದ ದಿನವೇ ಬೆರೆಸುವುದು ಎರಡು ಕಾರಣಗಳಿಂದ ತಪ್ಪು: ಒಂದು ರೋಗ, ಇನ್ನೊಂದು ಜಗಳ. ಮೊದಲ ಮೂರು ವಾರ ಬೇರೆ ಗೂಡು, ಬೇರೆ ಪಾತ್ರೆ. ಅಂಗಡಿಯಿಂದ ಬಂದ ಕೋಳಿಯ ಕೆಮ್ಮು, ಹೇನು, ಹಸಿರು ಭೇದಿ ಅಷ್ಟರಲ್ಲಿ ಹೊರಗೆ ಕಾಣುತ್ತವೆ. ಆಮೇಲೆ ಒಂದು ವಾರ ಬಲೆಯ ಆಚೆ ಈಚೆ ಇಟ್ಟು ಪರಸ್ಪರ ಕಾಣುವಂತೆ ಮಾಡಬೇಕು. ಕೊನೆಗೆ ಕತ್ತಲಾಗುವ ಹೊತ್ತಿನಲ್ಲಿ ಅಡ್ಡಗೋಲಿನ ಮೇಲೆ ಕೂರಿಸಿ, ಬೆಳಗ್ಗೆ ಮನೆಯವರೊಬ್ಬರು ಎದುರಿಗಿರುವಾಗ ಹೊರಗೆ ಬಿಡಬೇಕು. ಒಂಟಿ ಕೋಳಿಗಿಂತ ಮೂರು ನಾಲ್ಕು ಒಟ್ಟಿಗೆ ಸೇರಿದರೆ ಪೆಟ್ಟು ಹಂಚಿಹೋಗುತ್ತದೆ. ಅಂಗಳದಲ್ಲಿ ಓಡಿ ಅಡಗಲು ತೆಂಗಿನ ಮಡಲು, ಮಗುಚಿದ ಬುಟ್ಟಿ, ಪೊದೆ ಇರಬೇಕು. ಮೂಲೆಗೆ ಸಿಕ್ಕಿಬಿದ್ದ ಕೋಳಿಯೇ ಹೆಚ್ಚಾಗಿ ಸಾಯುವುದು.

ತಳಿಯ ಆಯ್ಕೆಯಲ್ಲಿಯೂ ವಿವೇಕ ಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆ ಇದು. ಅಂಗಡಿಯಲ್ಲಿ ಮಕ್ಕಳ ಮನ ಸೆಳೆಯುವ ಸಿಲ್ಕಿ ಕೋಳಿಯ ಗರಿಯ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವುದಿಲ್ಲ; ಆದ್ದರಿಂದಲೇ ಅದು ಹತ್ತಿಯಂತೆ ಕಾಣುತ್ತದೆ, ಆದ್ದರಿಂದಲೇ ಮಳೆನೀರು ಚರ್ಮದವರೆಗೆ ಇಳಿಯುತ್ತದೆ. ತಲೆಯ ಜುಟ್ಟು ಕಣ್ಣಿಗೆ ಅಡ್ಡ ಬಂದು, ಮೇಲೆರಗುವ ಕೊಕ್ಕು ಅದಕ್ಕೆ ಕಾಣಿಸುವುದೇ ಇಲ್ಲ. ಒಣ ಗೂಡಿನೊಳಗೆ ಬೇರೆಯಾಗಿ ಸಾಕುವವರಿಗೆ ಮಾತ್ರ ಅದು ಸರಿ. ಗಿಡ್ಡ ಕಾಲಿನ ಚಾಬೊ ಜಾತಿಯದು ಇನ್ನೊಂದು ಕಥೆ. ಹತ್ತನೇ ತರಗತಿಯ ಜೀವಶಾಸ್ತ್ರದಲ್ಲಿ ಮೆಂಡೆಲನ ಬಟಾಣಿಯನ್ನು ಓದುವ ಮಕ್ಕಳು ಈ ಕೋಳಿಯಲ್ಲಿ ಅದೇ ಪಾಠವನ್ನು ಕಣ್ಣಾರೆ ಕಾಣಬಹುದು. ಗಿಡ್ಡ ಕಾಲಿನ ಗುಣವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಹೀಗಾಗಿ ಗಿಡ್ಡ ಕಾಲಿನ ಜೋಡಿಯ ಮೊಟ್ಟೆಗಳಲ್ಲಿ ಸರಾಸರಿ ನಾಲ್ಕನೇ ಒಂದು ಪಾಲು ಒಡೆಯುವುದೇ ಇಲ್ಲ, ಅರ್ಧ ಪಾಲು ಗಿಡ್ಡ ಕಾಲಿನವು, ಉಳಿದ ಕಾಲು ಪಾಲು ಉದ್ದ ಕಾಲಿನವು. ಹೇಂಟೆ ಸರಿಯಾಗಿ ಕಾವು ಕೊಡಲಿಲ್ಲವೆಂದು ದೂರುವುದು ವ್ಯರ್ಥ. ಜೋಡಿಯಲ್ಲಿ ಒಂದು ಉದ್ದ ಕಾಲಿನದಾದರೆ ಈ ನಷ್ಟವೇ ಇಲ್ಲ.

ಇಷ್ಟೆಲ್ಲ ಶ್ರಮಪಟ್ಟು ಗಿಡ್ಡ ಕೋಳಿಯನ್ನು ಸಾಕುವುದರಿಂದ ಲಾಭವೇನು ಎಂಬ ಪ್ರಶ್ನೆ ಸಹಜ. ಮೊಟ್ಟೆ ಸಣ್ಣದು, ಅಡುಗೆಗೆ ಎರಡು ದೊಡ್ಡ ಮೊಟ್ಟೆ ಬೇಕಾದಲ್ಲಿ ಇದರದು ಮೂರು ಬೇಕು. ಮಾಂಸ ಲೆಕ್ಕಕ್ಕಿಲ್ಲ. ಆದರೆ ಹೆಚ್ಚು ಮೊಟ್ಟೆಗಾಗಿ ಸುಧಾರಿಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣವನ್ನು ಮನುಷ್ಯ ತಲೆಮಾರುಗಳಿಂದ ಆಯ್ದು ಹೊರಹಾಕಿದ್ದಾನೆ, ಏಕೆಂದರೆ ಕಾವಿಗೆ ಕೂತ ಹೇಂಟೆ ಮೊಟ್ಟೆಯಿಡುವುದಿಲ್ಲ. ಅಂಥ ಗುಂಪು ತಾನಾಗಿ ಮರಿ ಮಾಡಲಾರದು. ಪ್ರತಿಬಾರಿ ಮರಿಗಳನ್ನು ಹೊರಗಿನಿಂದ ಕೊಳ್ಳಬೇಕು. ಗಿಡ್ಡ ಹೇಂಟೆಗಳಲ್ಲಿ ಆ ಗುಣ ಇನ್ನೂ ಗಟ್ಟಿಯಾಗಿದೆ. ತನ್ನ ಮೊಟ್ಟೆಗಳಾದರೆ ಎಂಟು ಹತ್ತನ್ನು, ದೊಡ್ಡ ಕೋಳಿಯದಾದರೆ ನಾಲ್ಕೈದನ್ನು ಅದು ಹೊದೆದು ಕೂರಬಲ್ಲದು. ಆಸೆಯಿಂದ ಹತ್ತು ದೊಡ್ಡ ಮೊಟ್ಟೆಯಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ಹೇಂಟೆ ದಿನವೂ ಮೊಟ್ಟೆಗಳನ್ನು ಹೊರಳಿಸುವುದರಿಂದ ಸರದಿಯಂತೆ ಎಲ್ಲವೂ ಅಂಚಿಗೆ ಬಂದು, ಎಲ್ಲವೂ ಕೆಡುತ್ತವೆ. ಇಟ್ಟ ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಏಳನೇ ದಿನ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ರಕ್ತನಾಳಗಳ ಜಾಲವನ್ನು ನೋಡುವುದು ಮಕ್ಕಳು ಮಾಡಬಹುದಾದ ಕೆಲಸ. ಗಿಡ್ಡ ಮೊಟ್ಟೆ ಹತ್ತೊಂಬತ್ತು ಇಪ್ಪತ್ತನೇ ದಿನಕ್ಕೇ ಒಡೆಯುವುದುಂಟು, ದೊಡ್ಡದಕ್ಕೆ ಇಪ್ಪತ್ತೊಂದು ದಿನ ಬೇಕು. ಆದ್ದರಿಂದ ಎರಡನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಬಾರದು. ಮೊದಲ ಮರಿಗಳು ಹೊರಟವೆಂದರೆ ತಾಯಿ ಉಳಿದ ಮೊಟ್ಟೆಗಳನ್ನು ಬಿಟ್ಟೇಳುತ್ತದೆ. ದೊಡ್ಡ ತಳಿಯ ಮರಿಗಳು ಎರಡು ತಿಂಗಳೊಳಗೆ ಸಾಕುತಾಯಿಯ ಗಾತ್ರಕ್ಕೆ ಬರುತ್ತವೆ. ಆಗಲೂ ಮಳೆ ಬಂದರೆ ಅದರ ರೆಕ್ಕೆಯಡಿ ತಲೆಯಷ್ಟನ್ನು ತೂರಿಸಿ, ಮೈಯನ್ನು ಹೊರಗೆ ಬಿಟ್ಟು ನಿಲ್ಲುತ್ತವೆ.

ಔಷಧದ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಕೊಕ್ಕರೆ ರೋಗದ, ಅಂದರೆ ರಾಣಿಖೇತದ ಲಸಿಕೆ ಮೈತೂಕದ ಲೆಕ್ಕದಲ್ಲಿ ಬದಲಾಗುವುದಿಲ್ಲ; ಗಿಡ್ಡ ಕೋಳಿಗೆ ಅರ್ಧ ಹನಿ ಸಾಕೆಂಬುದು ತಪ್ಪು ತಿಳಿವಳಿಕೆ. ಜಂತುವಿನ ಔಷಧ ಮಾತ್ರ ತೂಕಕ್ಕೆ ತಕ್ಕಂತೆ. ದೊಡ್ಡ ಕೋಳಿಯ ಪ್ರಮಾಣವನ್ನೇ ಹುಯ್ದರೆ ಗಿಡ್ಡ ಕೋಳಿಗೆ ಅದು ಮಿತಿಮೀರುತ್ತದೆ. ಪಂಚಾಯತಿನ ಮೃಗಾಸ್ಪತ್ರೆಗೆ ಹೋಗುವಾಗ ಕೋಳಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಂಕಿಯನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಗೂಡಿನ ನೆಲದ ಉಮಿ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಒದ್ದೆಯಾದುದನ್ನು ಆಗಿಂದಾಗ್ಗೆ ತೆಗೆದು ಒಣ ಉಮಿ ಹಾಕುವುದೇ ಅದಕ್ಕೆ ಮೊದಲ ಮದ್ದು.

ಇನ್ನು ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ ‘ಪ್ರಾಣಿ’ಯೇ, ಕೋಳಿಯೂ ಅದರೊಳಗೆ ಬರುತ್ತದೆ. ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿಡುವುದು, ಒಡೆಯನಾದವನು ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು 11ನೇ ವಿಧಿಯಂತೆ ಅಪರಾಧ. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹುರಿದುಂಬಿಸುವುದನ್ನೂ ಅದೇ ವಿಧಿ ನಿಷೇಧಿಸುತ್ತದೆ. ಗಿಡ್ಡ ಹುಂಜದ ಮುಂಗೋಪವನ್ನು ಕಂಡು ಆಟಕ್ಕೆ ಬಿಡುವ ಹುಡುಗರಿಗೆ ಇದು ತಿಳಿದಿರಲಿ. ಗುಡ್ಡದಲ್ಲಿ ಸಿಕ್ಕಿದ ಕಾಡುಕೋಳಿಯ ಮೊಟ್ಟೆಯನ್ನು ತಂದು ಗಿಡ್ಡ ಹೇಂಟೆಯ ಕೆಳಗಿಡುವ ಆಸೆಯೂ ಅಪಾಯದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ದೃಷ್ಟಿಯಲ್ಲಿ ಕಾಡುಹಕ್ಕಿಯ ಗೂಡನ್ನು, ಮೊಟ್ಟೆಯನ್ನು ಕದಡುವುದೂ ಬೇಟೆಯೇ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆಂದು 2009ರಲ್ಲಿ ಬಂದ ಕಾಯ್ದೆಯಂತೆ, ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ಒಡೆಯನು ವರದಿ ಮಾಡಲೇಬೇಕು. ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿದಾಗಲೆಲ್ಲ ಸೋಂಕಿನ ಕೇಂದ್ರದ ಸುತ್ತಲಿನ ಸಾಕುಹಕ್ಕಿಗಳನ್ನು ಕೊಲ್ಲಬೇಕಾಯಿತು. ಮಗುವಿನ ಮುದ್ದಿನ ಕೋಳಿಯೆಂಬ ವಿನಾಯಿತಿ ಅಲ್ಲಿಲ್ಲ. ಕೋಳಿಗಳು ಒಂದರ ಹಿಂದೊಂದು ಸತ್ತಾಗ ಮುಚ್ಚಿಟ್ಟರೆ ನೆರೆಮನೆಯ ಗೂಡಿಗೂ ಅದೇ ಗತಿ ಬರುತ್ತದೆ.

ಕೇರಳದ ಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಕೋಳಿಮರಿಗಳನ್ನು ಹಂಚುವ ಯೋಜನೆಗಳು ನಡೆದಿವೆ. ಹೀಗೆ ಬಂದ ಮರಿಗಳಿಂದ ಬೆಳೆದ ದೊಡ್ಡ ಕೋಳಿಗಳು ಅನೇಕ ಮನೆಗಳಲ್ಲಿವೆ. ಅವುಗಳ ಜೊತೆಗೆ ಗಿಡ್ಡ ಜೋಡಿಯೊಂದು ಬೇಕೆಂದು ಮಗು ಕೇಳಿದರೆ ಬೇಡವೆನ್ನಬೇಕಾಗಿಲ್ಲ. ಇನ್ನೊಂದು ಅಡ್ಡಗೋಲು, ಇನ್ನೊಂದು ಪಾತ್ರೆ, ಕಿಂಡಿಯಿರುವ ಚೌಕಟ್ಟು, ಮೂರು ವಾರಕ್ಕೆ ಒಂದು ಬೇರೆ ಗೂಡು, ಇವು ಮೊದಲು ಸಿದ್ಧವಾಗಲಿ; ಅವನ್ನು ಮಾಡುವ ಕೆಲಸದಲ್ಲಿ ಮಗುವಿನ ಕೈಯೂ ಸೇರಲಿ. ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಎರಡೂ ಪಾತ್ರೆಗಳನ್ನು ತುಂಬುವುದು, ಸಂಜೆ ಅಡ್ಡಗೋಲಿನ ಮೇಲಿನ ಕೋಳಿಗಳನ್ನು ಎಣಿಸಿ ಬಾಗಿಲು ಹಾಕುವುದು ಯಾರ ಹೊಣೆ ಎಂದು ಮನೆಯಲ್ಲಿ ಗೊತ್ತಾಗಲಿ. ಆ ಹೊಣೆಯನ್ನು ಒಂದು ತಿಂಗಳು ಹಳೆಯ ಕೋಳಿಗಳ ಮೇಲೆಯೇ ನಿಭಾಯಿಸಿ ತೋರಿಸಿದ ಮಗುವಿಗೆ ರಟ್ಟಿನ ಪೆಟ್ಟಿಗೆಯನ್ನು ತಂದುಕೊಡಲು ತಂದೆತಾಯಿ ಹಿಂಜರಿಯಬೇಕಾಗಿಲ್ಲ.